ಗಿಟಾರ್ ಕಾರ್ಡ್‌ಗಳ ಅಭ್ಯಾಸ: ಕೊಡಗಿನ ಹೊಸ ಕಲಿಕಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಹೊಸಬರಿಗೆ ಗಿಟಾರ್ ಹೇಳಿಕೊಡುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ತೋಟ, ಕಚೇರಿ, ಕಾಲೇಜುಗಳ ನಡುವೆ ಬಿಡುವು ಮಾಡಿಕೊಂಡು, ಬಹುಮಟ್ಟಿಗೆ ಮನೆಯಲ್ಲಿ ಒಬ್ಬರೇ ಕುಳಿತು ಅಭ್ಯಾಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಎಲ್ಲ ಉತ್ತರಗಳೂ ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿಗೆ, ಬಲಗೈಯಿಂದ ಮೀಟುವವರಿಗೆ ಅನ್ವಯಿಸುತ್ತವೆ. ತೀರ ತೆಳುವಾದ ತಂತಿ ಒಂದನೆಯದು, ತೀರ ದಪ್ಪನೆಯದು ಆರನೆಯದು.

ಕಾರ್ಡ್ ಎಂದರೆ ಏನು? ಕರ್ನಾಟಕ ಸಂಗೀತವನ್ನು ಸ್ವಲ್ಪ ಕಲಿತಿದ್ದೇನೆ, ಅದು ಇಲ್ಲಿ ನೆರವಿಗೆ ಬರುತ್ತದೆಯೇ?

ಖಂಡಿತ ಬರುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಬೇರೆ ಬೇರೆ ಸ್ವರಗಳು ಒಟ್ಟಿಗೆ ಮೊಳಗಿದರೆ ಅದನ್ನು ಕಾರ್ಡ್ ಎನ್ನುತ್ತಾರೆ. ಮೇಜರ್ ಕಾರ್ಡಿನಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಇರುತ್ತವೆ. ಮೈನರ್ ಕಾರ್ಡಿನಲ್ಲಿ ಅಂತರ ಗಾಂಧಾರದ ಜಾಗಕ್ಕೆ ಸಾಧಾರಣ ಗಾಂಧಾರ ಬರುತ್ತದೆ. ಒಂದು ಉಲ್ಲಾಸದಿಂದ, ಇನ್ನೊಂದು ವಿಷಾದದಿಂದ ಕೇಳಿಸುವುದಕ್ಕೆ ಆ ಒಂದೇ ಸ್ವರ ಕಾರಣ. ಇದನ್ನು ಕಿವಿಯಿಂದಲೇ ತಿಳಿಯಬೇಕೆಂದರೆ ಇ ಮೇಜರ್ ಹಿಡಿದು ಮೀಟಿ, ಮೂರನೆಯ ತಂತಿಯ ಮೇಲಿರುವ ತೋರುಬೆರಳನ್ನು ಮಾತ್ರ ಎತ್ತಿ ಮತ್ತೆ ಮೀಟಿ. ಅದು ಇ ಮೈನರ್ ಆಗಿರುತ್ತದೆ. ತಂಬೂರಿಯ ಶ್ರುತಿಯಲ್ಲಿ ಷಡ್ಜ ಪಂಚಮಗಳನ್ನು ಮೀಟುತ್ತಿದ್ದರೂ ಏಕಾಗ್ರತೆಯಿಂದ ಕೇಳಿದವರಿಗೆ ಅಂತರ ಗಾಂಧಾರ ತಾನಾಗಿಯೇ ಕೇಳಿಸುವುದುಂಟು, ಆದ್ದರಿಂದ ಮೇಜರ್ ಕಾರ್ಡಿನ ನಾದ ನಿಮ್ಮ ಕಿವಿಗೆ ಅಪರಿಚಿತವಲ್ಲ. ಸಿ ಮೇಜರ್ ಸ್ಕೇಲಿನ ಸ್ವರಗಳು ಶಂಕರಾಭರಣದ ಸ್ವರಗಳೇ. ಗಿಟಾರಿನ ಫ್ರೆಟ್‌ಗಳ (ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ಮೇಲೆ ಕಾರ್ಡ್ ಹಿಡಿದಾಗ ಗಮಕಕ್ಕೆ ಎಡೆ ಇರುವುದಿಲ್ಲ ಎಂಬುದೊಂದು ಕೊರತೆ ನಿಮಗೆ ಮೊದಮೊದಲು ಕಾಡಬಹುದು; ಸ್ವರಗಳು ಒಂದರೊಡನೊಂದು ಬೆರೆಯುವ ಸುಖ ಬೇರೆ ಬಗೆಯದು ಎಂದು ತಿಳಿದು ಮುಂದುವರಿಯಿರಿ.

ಮೊದಲು ಯಾವ ಕಾರ್ಡ್‌ಗಳನ್ನು ಕಲಿಯಬೇಕು?

ಇ ಮೈನರ್, ಎ ಮೈನರ್, ಸಿ ಮೇಜರ್ ಈ ಮೂರರಿಂದ ಆರಂಭಿಸಿ, ಅವು ಕೈಗೆ ಕೂತ ಮೇಲೆ ಜಿ ಮತ್ತು ಡಿ ಮೇಜರ್‌ಗಳನ್ನು ಸೇರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇ ಮೈನರ್ ಹಿಡಿಯಲು ಎರಡೇ ಬೆರಳು ಸಾಕು, ಆರೂ ತಂತಿಗಳನ್ನು ಮೀಟಬಹುದು, ಮೊದಲ ದಿನವೇ ತುಂಬು ನಾದ ಕೇಳಿಸುತ್ತದೆ. ಎ ಮೈನರಿನಿಂದ ಸಿ ಮೇಜರಿಗೆ ಹೋಗುವಾಗ ಎರಡನೆಯ ತಂತಿಯ ಮೇಲಿನ ತೋರುಬೆರಳೂ ನಾಲ್ಕನೆಯ ತಂತಿಯ ಮೇಲಿನ ನಡುಬೆರಳೂ ಇದ್ದಲ್ಲೇ ಇರುತ್ತವೆ. ಉಂಗುರ ಬೆರಳು ಮಾತ್ರ ಮೂರನೆಯ ತಂತಿಯ ಎರಡನೆಯ ಫ್ರೆಟ್ ಬಿಟ್ಟು ಐದನೆಯ ತಂತಿಯ ಮೂರನೆಯ ಫ್ರೆಟ್‌ಗೆ ಹೋಗುತ್ತದೆ. ಒಂದೇ ಬೆರಳಿನ ಕೆಲಸವಾದ್ದರಿಂದ ಈ ಜೋಡಿಯಲ್ಲಿ ಪ್ರಗತಿ ಬೇಗನೆ ಅನುಭವಕ್ಕೆ ಬರುತ್ತದೆ, ಹೊಸಬರಿಗೆ ಅದು ಬಹಳ ಅಗತ್ಯ.

ಬೆರಳ ತುದಿ ವಿಪರೀತ ನೋಯುತ್ತದೆ. ಇದು ಸಹಜವೇ?

ಎಡಗೈ ಬೆರಳ ತುದಿಯ ಚರ್ಮದಲ್ಲಿ ಉರಿ, ತಂತಿಯ ಗೆರೆ ಮೂಡಿದ ನೋವು ಸಹಜ. ದಿನವೂ ಸ್ವಲ್ಪ ಸ್ವಲ್ಪ ನುಡಿಸುತ್ತಿದ್ದರೆ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗಿ ನೋವು ತಗ್ಗುತ್ತದೆ. ಕಪಾತು ಮಾಡಿ, ಕಾಫಿ ಕುಯ್ದು ಕೈ ಒರಟಾಗಿರುವವರು ಸಹ ಈ ನೋವಿನಿಂದ ತಪ್ಪಿಸಿಕೊಳ್ಳಲಾರರು, ಏಕೆಂದರೆ ತೋಟದ ಕೆಲಸದಲ್ಲಿ ಗಟ್ಟಿಯಾಗುವುದು ಹೆಚ್ಚಾಗಿ ಅಂಗೈ, ತಂತಿ ತಾಗುವುದು ಬೆರಳ ತುದಿಗೆ. ಸ್ನಾನವಾದ ಕೂಡಲೇ ಅಥವಾ ಮಳೆಯಲ್ಲಿ ನೆನೆದು ಬಂದ ಕೂಡಲೇ ನುಡಿಸಬೇಡಿ. ನೀರಿಗೆ ಮೆತ್ತಗಾದ ಚರ್ಮವನ್ನು ತಂತಿ ಬೇಗ ಕೊರೆಯುತ್ತದೆ.

ಮಣಿಕಟ್ಟು, ಹೆಬ್ಬೆರಳ ಬುಡ ಅಥವಾ ಮುಂಗೈ ನೋಯುವುದು, ಬೆರಳು ಜೋಮು ಹಿಡಿಯುವುದು ಮಾತ್ರ ಸಹಜವಲ್ಲ. ಅಂಥ ನೋವು ಬಂದಾಗ ಹಟ ಹಿಡಿಯದೆ ನಿಲ್ಲಿಸಬೇಕು, ಕೂರುವ ಭಂಗಿಯನ್ನೂ ಹೆಬ್ಬೆರಳ ಒತ್ತಡವನ್ನೂ ತಿದ್ದಿಕೊಳ್ಳಬೇಕು, ಹಾಗೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಬಹಳಷ್ಟು ಸಲ ಕಾರಣ ಅನಗತ್ಯ ಬಲ. ಒಂದು ಕಾರ್ಡನ್ನು ಹಿಡಿದು, ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಒತ್ತಡವನ್ನು ನಿಧಾನವಾಗಿ ಸಡಿಲಿಸಿ, ಸ್ವರ ಕೆಡುವ ಹಂತ ಬಂದಾಗ ಅದಕ್ಕಿಂತ ತುಸು ಹೆಚ್ಚು ಒತ್ತಿ. ಅಷ್ಟೇ ಬಲ ಸಾಕು. ಬೆರಳನ್ನು ಫ್ರೆಟ್ ಪಟ್ಟಿಯ ಮೇಲಲ್ಲ, ಅದರ ಹಿಂದೆ ಆದಷ್ಟು ಸಮೀಪ ಇಟ್ಟರೆ ಈ ಬಲ ಇನ್ನೂ ಕಡಿಮೆಯಾಗುತ್ತದೆ.

ಕಾರ್ಡ್‌ಗಳನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಾಳ ತಪ್ಪುತ್ತದೆ. ಏನು ಮಾಡಲಿ?

ಎಲ್ಲರೂ ಕೇಳುವ ಪ್ರಶ್ನೆ ಇದು, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದೂ ಇದೇ. ಹೊಸಬರು ಕಾರ್ಡ್‌ಗಳ ಪಟ್ಟಿ ಮಾಡಿ ಒಂದೊಂದನ್ನಾಗಿ ಕಲಿಯುತ್ತಾರೆ. ಹಾಡು ಬಯಸುವುದು ಕಾರ್ಡನ್ನಲ್ಲ, ಒಂದು ಕಾರ್ಡಿನಿಂದ ಮತ್ತೊಂದಕ್ಕೆ ಸಾಗುವ ನಡೆಯನ್ನು. ಐದು ಕಾರ್ಡ್ ಕಲಿತವರು ಹತ್ತು ಜೋಡಿಗಳನ್ನು ಕಲಿಯಬೇಕಾಗುತ್ತದೆ, ಆ ಹತ್ತರಲ್ಲಿ ಪ್ರತಿಯೊಂದಕ್ಕೂ ಬೆರಳುಗಳ ಚಲನೆ ಬೇರೆ. ಆದ್ದರಿಂದ ಅಭ್ಯಾಸದ ಘಟಕವನ್ನೇ ಬದಲಿಸಿಕೊಳ್ಳಿ. ಇಂದು ಡಿ ಮೇಜರ್ ಕಲಿಯುತ್ತೇನೆ ಎನ್ನುವ ಬದಲು, ಇಂದು ಜಿ ಮೇಜರಿನಿಂದ ಡಿ ಮೇಜರಿಗೆ ಹೋಗಿ ಬರುವುದನ್ನು ಕಲಿಯುತ್ತೇನೆ ಎಂದು ಕುಳಿತುಕೊಳ್ಳಿ.

ಹೀಗೆ ಕುಳಿತಾಗ ಮೊದಲು ಬಲಗೈಯನ್ನು ಬಿಟ್ಟುಬಿಡಿ. ಮೀಟದೆ, ಎಡಗೈಯನ್ನು ಮಾತ್ರ ಅತಿ ನಿಧಾನವಾಗಿ ಚಲಿಸಿ, ಯಾವ ಬೆರಳು ಕಡೆಗೆ ತಲುಪುತ್ತದೆ, ಯಾವುದು ಅನಗತ್ಯವಾಗಿ ದೂರ ಹಾರುತ್ತದೆ ಎಂದು ಗಮನಿಸಿ. ಸಾಮಾನ್ಯವಾಗಿ ಹೊಸಬರ ಬೆರಳುಗಳು ಒಂದೊಂದಾಗಿ ಬಂದಿಳಿಯುತ್ತವೆ. ಅವು ಗಾಳಿಯಲ್ಲೇ ಮುಂದಿನ ಕಾರ್ಡಿನ ಆಕಾರ ತಾಳಿ ಒಟ್ಟಿಗೆ ಇಳಿಯುವುದು ನಮ್ಮ ಗುರಿ. ಎ ಮೈನರ್ ಮತ್ತು ಇ ಮೇಜರ್ ಜೋಡಿ ಇದಕ್ಕೆ ಅತ್ಯುತ್ತಮ ಪಾಠ, ಏಕೆಂದರೆ ಎರಡರ ಆಕಾರವೂ ಒಂದೇ, ಇಡೀ ಆಕಾರ ಒಂದು ತಂತಿಯಷ್ಟು ಸರಿಯುತ್ತದೆ ಅಷ್ಟೆ. ಹಿಡಿಯಿರಿ, ಕಾಲು ಅಂಗುಲದಷ್ಟು ಮಾತ್ರ ಬೆರಳೆತ್ತಿ, ಮತ್ತೆ ಅಲ್ಲೇ ಇಳಿಸಿ. ಅನಂತರ ಜೋಡಿಯ ಇನ್ನೊಂದು ಕಾರ್ಡಿನ ಮೇಲೆ ಇಳಿಸಿ.

ಇದಾದ ಬಳಿಕ ಬಲಗೈಯನ್ನು ಸೇರಿಸಿ, ನಾಲ್ಕು ಎಣಿಕೆಗೆ ಒಂದೇ ಸಲ, ಮೊದಲ ಎಣಿಕೆಯಲ್ಲಿ ಮಾತ್ರ ಮೀಟಿ. ಉಳಿದ ಮೂರು ಎಣಿಕೆಗಳು ಎಡಗೈಗೆ ಸಿಗುವ ಸಮಯ. ಸಮ ಲಯದಲ್ಲಿ ಬಡಿತ ಕೇಳಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟರೆ ಮೂರು ಸೆಕೆಂಡು ಸಿಕ್ಕ ಹಾಗಾಯಿತು, ಅದು ಧಾರಾಳ. ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿ: ಎಡಗೈ ಸಿದ್ಧವಾಗದಿದ್ದರೂ ಬಲಗೈ ಕಾಯಬಾರದು. ಅರ್ಧದಷ್ಟು ಸ್ವರಗಳು ಕೆಟ್ಟರೂ ಸರಿ, ಖಾಲಿ ತಂತಿ ಮೊಳಗಿದರೂ ಸರಿ, ಎಣಿಕೆಗೆ ಸರಿಯಾಗಿ ಮೀಟಿ. ಬಲಗೈ ಕಾಯುವುದನ್ನು ರೂಢಿ ಮಾಡಿಕೊಂಡವರು ಪ್ರತಿ ಬದಲಾವಣೆಯಲ್ಲೂ ನಿಲ್ಲುವುದನ್ನೇ ಅಭ್ಯಾಸ ಮಾಡುತ್ತಿರುತ್ತಾರೆ, ಆ ನಿಲುಗಡೆ ಮುಂದೆ ಹಾಡಿನಲ್ಲೂ ಉಳಿಯುತ್ತದೆ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? ಕಾಫಿ ಕೊಯ್ಲಿನ ಕಾಲದಲ್ಲಿ ಬಿಡುವೇ ಸಿಗುವುದಿಲ್ಲ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು, ಕಣ, ಒಣಗಿಸುವ ಕೆಲಸಗಳ ನಡುವೆ ಒಂದು ಗಂಟೆ ಕುಳಿತುಕೊಳ್ಳುವುದು ತೋಟದ ಮನೆಗಳಲ್ಲಿ ಕಷ್ಟವೇ. ಆದರೆ ಹದಿನೈದು ನಿಮಿಷವನ್ನು ದಿನವೂ ಕೊಟ್ಟವರು, ಭಾನುವಾರ ಮಾತ್ರ ಎರಡು ಗಂಟೆ ಕುಳಿತವರಿಗಿಂತ ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ಇದಕ್ಕೆ ನಿದ್ರೆಯೂ ಒಂದು ಕಾರಣವಿರಬೇಕು. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೆರಳುಗಳಿಂದ ಕೀಲಿಗಳನ್ನು ನಿಗದಿತ ಕ್ರಮದಲ್ಲಿ ಒತ್ತಲು ಕಲಿತವರ ವೇಗ ಒಂದು ರಾತ್ರಿಯ ನಿದ್ರೆಯ ಬಳಿಕ, ನಡುವೆ ಅಭ್ಯಾಸವಿಲ್ಲದೆಯೇ, ಸುಮಾರು ಶೇಕಡ 20ರಷ್ಟು ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ ಒಂದೇ ಜೋಡಿಯನ್ನು ಶ್ರದ್ಧೆಯಿಂದ ನುಡಿಸಿ ಮಲಗಿ. ಹಿಂದಿನ ದಿನ ತೊಡಕಾಗಿದ್ದ ಬದಲಾವಣೆ ಮರುದಿನ ಸ್ವಲ್ಪ ಸಲೀಸಾಗಿರುವುದನ್ನು ನೀವೇ ಗುರುತಿಸುತ್ತೀರಿ. ಗಿಟಾರನ್ನು ಚೀಲದೊಳಗೆ ಕಟ್ಟಿ ಬೀರುವಿನ ಮೇಲಿಡದೆ, ಕೈಗೆಟುಕುವ ಕಡೆ ಇಟ್ಟರೆ ಈ ಹದಿನೈದು ನಿಮಿಷ ತಪ್ಪುವುದು ಕಡಿಮೆ. ಮಳೆಗಾಲದ ಮಾತು ಬೇರೆ, ಅದನ್ನು ಮುಂದೆ ಹೇಳಿದ್ದೇನೆ.

ತಿಂಗಳುಗಳಿಂದ ನುಡಿಸುತ್ತಿದ್ದೇನೆ, ಪ್ರಗತಿಯೇ ಕಾಣುತ್ತಿಲ್ಲ. ನಿಲ್ಲಿಸಿಬಿಡಲೇ?

ನಿಲ್ಲಿಸಬೇಡಿ. ಪ್ರಗತಿ ಆಗದಿರುವುದು ಬೇರೆ, ಆದದ್ದು ಕಾಣದಿರುವುದು ಬೇರೆ, ಮತ್ತು ನನ್ನ ಬಳಿ ಈ ಪ್ರಶ್ನೆ ತಂದವರಲ್ಲಿ ಹೆಚ್ಚಿನವರದು ಎರಡನೆಯ ಸ್ಥಿತಿ. ಕೈ ಸುಧಾರಿಸುವಾಗ ಕಿವಿಯೂ ಸುಧಾರಿಸುತ್ತಿರುತ್ತದೆ. ಮೊದಲ ತಿಂಗಳಲ್ಲಿ ಕೇಳಿಸದಿದ್ದ ಸತ್ತ ತಂತಿಯ ಸದ್ದು, ಒಂದನೆಯ ತಂತಿಗೆ ಬೆರಳು ತಾಗಿ ಮೂಡುವ ಮಂಕು, ಈಗ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಾಗಿ ಚೆನ್ನಾಗಿ ನುಡಿಸುತ್ತಿರುವ ದಿನಗಳಲ್ಲೇ ಕೆಟ್ಟದಾಗಿ ನುಡಿಸುತ್ತಿದ್ದೇನೆ ಎಂಬ ಭಾವನೆ ಬಲವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಧ್ವನಿಮುದ್ರಣ. ತಿಂಗಳಿಗೊಮ್ಮೆ ಅದೇ ಎರಡು ನಿಮಿಷದ ತುಣುಕನ್ನು ಫೋನಿನಲ್ಲಿ ಮುದ್ರಿಸಿ, ದಿನಾಂಕ ಹಾಕಿ ಇಟ್ಟುಕೊಳ್ಳಿ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮುದ್ರಿಸಿದ್ದನ್ನು ವರ್ಷದ ಕೊನೆಯ ಹುತ್ತರಿ ಹೊತ್ತಿಗೆ ಕೇಳಿದಾಗ ಆಗುವ ಸಂತೋಷವನ್ನು ಕಲಿಯುವವರ ಮುಖದಲ್ಲಿ ನೋಡಿದ್ದೇನೆ; ಬೇರೆಯವರ ಹೊಗಳಿಕೆ ಅದಕ್ಕೆ ಸಾಟಿಯಾಗದು.

ಎರಡನೆಯ ಉಪಾಯ ಎಣಿಕೆಯದು. ಒಂದು ನಿಮಿಷದಲ್ಲಿ ಒಂದು ಜೋಡಿಯನ್ನು ಎಷ್ಟು ಸಲ ಸ್ವಚ್ಛವಾಗಿ ಬದಲಿಸಬಲ್ಲಿರಿ ಎಂದು ವಾರಕ್ಕೊಮ್ಮೆ ಎಣಿಸಿ ಬರೆದಿಡಿ. ದಿನವೂ ಎಣಿಸಬಾರದು, ದಿನದಿನದ ಏರಿಳಿತ ದಣಿವು, ಚಳಿ, ಮನಸ್ಸಿನ ಸ್ಥಿತಿಯಿಂದ ಆಗುವಂಥದ್ದು, ಅದನ್ನು ಪ್ರಗತಿಯ ಅಳತೆ ಎಂದು ತಿಳಿದವರು ಸುಮ್ಮನೆ ಕುಗ್ಗುತ್ತಾರೆ.

ಅಭ್ಯಾಸದ ಕ್ರಮವೂ ನಮ್ಮನ್ನು ದಾರಿತಪ್ಪಿಸಬಲ್ಲದು. ಒಂದೇ ಬದಲಾವಣೆಯನ್ನು ಸತತವಾಗಿ ಮಾಡಿದಾಗ ಅದು ಬೇಗ ಸಲೀಸಾಗುತ್ತದೆ, ಮರುದಿನಕ್ಕೆ ಅರ್ಧ ಮರೆತಿರುತ್ತದೆ. ಮೂರು ನಾಲ್ಕು ಜೋಡಿಗಳನ್ನು ಬೆರೆಸಿ ಮಾಡಿದರೆ ಆ ಹೊತ್ತಿಗೆ ತಡವರಿಕೆ ಹೆಚ್ಚು, ಆದರೆ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕೈಚಲನೆಯ ಕಲಿಕೆಯ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದು ಇದನ್ನೇ. ಹೊಸ ಜೋಡಿಯೊಂದನ್ನು ಮೊದಲ ಎರಡು ಮೂರು ದಿನ ಒಂಟಿಯಾಗಿ, ಅನಂತರ ಹಳೆಯವುಗಳ ಜೊತೆ ಬೆರೆಸಿ ಅಭ್ಯಾಸ ಮಾಡಿ. ಬೆರೆಸಿದಾಗ ಎಡವಿದರೆ ಅದನ್ನು ಹಿನ್ನಡೆ ಎಂದುಕೊಳ್ಳಬೇಡಿ.

ಎಫ್ ಮೇಜರ್ ಬರುವುದೇ ಇಲ್ಲ.

ತೋರುಬೆರಳೊಂದೇ ಆರೂ ತಂತಿಗಳನ್ನು ಒತ್ತಬೇಕಾದ ಬಾರ್ ಕಾರ್ಡ್ ಅದು, ಅದೂ ತಂತಿ ತೀರ ಬಿಗಿಯೆನಿಸುವ ಮೊದಲ ಫ್ರೆಟ್‌ನಲ್ಲಿ. ಅಲ್ಲಿಂದಲೇ ಆರಂಭಿಸಬೇಕಾಗಿಲ್ಲ. ಅದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಮೇಜರ್ ಆಗುತ್ತದೆ ಮತ್ತು ಒತ್ತುವುದು ಎಷ್ಟೋ ಸುಲಭ. ಅಲ್ಲಿ ಸ್ವರ ಸ್ವಚ್ಛವಾದ ಮೇಲೆ ಒಂದೊಂದೇ ಫ್ರೆಟ್ ಕೆಳಗಿಳಿದು ಮೊದಲನೆಯದಕ್ಕೆ ಬನ್ನಿ. ತೋರುಬೆರಳನ್ನು ಚಪ್ಪಟೆಯಾಗಿ ಇಡದೆ, ಹೆಬ್ಬೆರಳ ಕಡೆಯ ಗಟ್ಟಿ ಅಂಚಿಗೆ ತುಸು ಹೊರಳಿಸಿ. ಹೆಬ್ಬೆರಳಿನಿಂದ ಹಿಂಡುವುದರ ಬದಲು ತೋಳಿನ ಭಾರವನ್ನು ಹಿಂದಕ್ಕೆ ಎಳೆಯಲು ಬಿಡಿ.

ಅಲ್ಲಿಯವರೆಗೆ ಹಾಡುಗಳನ್ನು ತಡೆಹಿಡಿಯಬೇಡಿ. ನಾಲ್ಕನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಉಂಗುರ ಬೆರಳು, ಮೂರನೆಯ ತಂತಿಯ ಎರಡನೆಯದರಲ್ಲಿ ನಡುಬೆರಳು, ಎರಡನೆಯ ತಂತಿಯ ಮೊದಲನೆಯದರಲ್ಲಿ ತೋರುಬೆರಳು ಇಟ್ಟು, ಒಂದನೆಯ ತಂತಿಯನ್ನು ಖಾಲಿ ಬಿಟ್ಟು ಈ ನಾಲ್ಕನ್ನೇ ಮೀಟಿದರೆ ಎಫ್ ಮೇಜರ್ ಸೆವೆನ್ ಎಂಬ ಮೃದುವಾದ ಕಾರ್ಡ್ ಸಿಗುತ್ತದೆ. ಅನೇಕ ಭಾವಗೀತೆಗಳ ಧಾಟಿಗೆ ಅದು ಎಫ್ ಮೇಜರಿಗಿಂತಲೂ ಚೆನ್ನಾಗಿ ಹೊಂದುತ್ತದೆ.

ಮಳೆಗಾಲದಲ್ಲಿ ಗಿಟಾರನ್ನು ಹೇಗೆ ಕಾಪಾಡಿಕೊಳ್ಳಬೇಕು? ಜೂನ್ ಬಂದರೆ ನುಡಿಸುವುದೇ ಕಷ್ಟವಾಗುತ್ತದೆ.

ನಿಮ್ಮ ಅನುಭವ ಸರಿಯಾಗಿಯೇ ಇದೆ, ಮತ್ತು ಅದು ನಿಮ್ಮ ಕೈಯ ದೋಷವಲ್ಲ. ಮರದ ಗಿಟಾರಿಗೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇಕಡ 45ರಿಂದ 55. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ, ವಿರಾಜಪೇಟೆ ಕಡೆಗಳಲ್ಲಿ ಗಾಳಿಯ ತೇವ ಇದಕ್ಕಿಂತ ಬಹಳ ಮೇಲಿರುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆಯಾದ್ದರಿಂದ ಅಷ್ಟು ತೊಂದರೆಯಿಲ್ಲ. ತೇವ ಹೀರಿದ ಮರ ಉಬ್ಬುತ್ತದೆ, ಗಿಟಾರಿನ ಮೇಲ್ಮೈ ಬ್ರಿಡ್ಜಿನ (ಒಡಲ ಮೇಲೆ ತಂತಿಗಳನ್ನು ಸಿಕ್ಕಿಸುವ ಪಟ್ಟಿಯ) ಬಳಿ ತುಸು ಏಳುತ್ತದೆ, ತಂತಿಗಳು ಫ್ರೆಟ್‌ಬೋರ್ಡಿನಿಂದ ಇನ್ನಷ್ಟು ಮೇಲಕ್ಕೆ ಹೋಗುತ್ತವೆ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ ಸುಮಾರು ಎರಡೂವರೆ ಮಿಲಿಮೀಟರ್ ಒಳಗಿದ್ದರೆ ಒತ್ತಲು ಹಗುರ; ಅದಕ್ಕಿಂತ ಬಹಳ ಹೆಚ್ಚಾದರೆ ಮೇ ತಿಂಗಳಲ್ಲಿ ಸಲೀಸಾಗಿದ್ದ ಕಾರ್ಡ್ ಜುಲೈಯಲ್ಲಿ ಕೈಗೆ ಬಗ್ಗುವುದಿಲ್ಲ. ಇದನ್ನು ತಿಳಿಯದೆ, ಕಲಿತದ್ದೆಲ್ಲ ಹೋಯಿತೆಂದು ಮಳೆಗಾಲದಲ್ಲಿ ಗಿಟಾರ್ ಬಿಟ್ಟವರನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಈ ನಾಲ್ಕು ತಿಂಗಳು ನುಡಿಸದ ಹೊತ್ತಿನಲ್ಲಿ ಗಿಟಾರ್ ಗಟ್ಟಿ ಪೆಟ್ಟಿಗೆಯೊಳಗೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರಲಿ. ಪೊಟ್ಟಣಗಳು ತೇವ ತುಂಬಿಕೊಂಡ ಮೇಲೆ ಬದಲಿಸಬೇಕು ಅಥವಾ ಒಣಗಿಸಬೇಕು. ಪೆಟ್ಟಿಗೆಯೊಳಗೆ ಒಂದು ಸಣ್ಣ ಆರ್ದ್ರತಾ ಮಾಪಕ ಇಟ್ಟರೆ ಊಹೆಯ ಅಗತ್ಯವಿರುವುದಿಲ್ಲ. ಮಳೆ ಹೊಡೆಯುವ ಹೊರಗೋಡೆಗೆ ಗಿಟಾರ್ ತೂಗುಹಾಕಬೇಡಿ. ಬಟ್ಟೆ ಒಣಗಿಸುವ ಹಾಗೆ ಒಲೆಯ ಬಳಿ ಇಡುವುದಂತೂ ಬೇಡವೇ ಬೇಡ, ಏಕೆಂದರೆ ಹಠಾತ್ ಬಿಸಿಗೆ ಅಂಟು ಸಡಿಲಾಗಿ ಮರ ಬಿರಿಯಬಹುದು. ನುಡಿಸಿದ ಮೇಲೆ ತಂತಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಲೇಪನವಿರುವ ತಂತಿಗಳಿಗೆ ಬೆಲೆ ಹೆಚ್ಚಾದರೂ ನಮ್ಮ ಮಳೆಗೆ ಅವು ತುಕ್ಕು ಹಿಡಿಯದೆ ಹೆಚ್ಚು ಕಾಲ ಬಾಳುತ್ತವೆ.

ನನ್ನ ಬೆರಳುಗಳು ಚಿಕ್ಕವು, ವಯಸ್ಸೂ ಆಗಿದೆ. ನನ್ನಿಂದ ಆದೀತೇ?

ಆಗುತ್ತದೆ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಉಂಗುರ ಬೆರಳು, ಕಿರುಬೆರಳುಗಳ ಶಕ್ತಿ ಕಳೆದುಕೊಂಡ ಜಾಂಗೊ ರೈನ್‌ಹಾರ್ಟ್, ಮುಖ್ಯವಾಗಿ ಎರಡೇ ಬೆರಳುಗಳಿಂದ ನುಡಿಸಿ ಜಾಝ್ ಗಿಟಾರಿನ ಚರಿತ್ರೆಯಲ್ಲಿ ದೊಡ್ಡ ಹೆಸರಾದರು. ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿಗಳನ್ನು ಕಳೆದುಕೊಂಡ ಇಂಗ್ಲೆಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ಹಗುರ ತಂತಿ ಹಾಕಿ, ಶ್ರುತಿಯನ್ನೂ ಇಳಿಸಿಕೊಂಡರು. ಹಗುರ ತಂತಿ, ಇಳಿಸಿದ ಶ್ರುತಿ ಎಂಬ ಉಪಾಯಗಳು ನಿಮಗೂ ಉಪಯುಕ್ತ. ತಂತಿಯ ಬಿಗಿ ಕಂಪನದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಎಲ್ಲ ತಂತಿಗಳನ್ನೂ ಅರ್ಧ ಸ್ವರ, ಅಂದರೆ ಒಂದು ಫ್ರೆಟ್‌ನಷ್ಟು, ಇಳಿಸಿದರೆ ಬಿಗಿ ಸುಮಾರು ಶೇಕಡ 11ರಷ್ಟು ತಗ್ಗುತ್ತದೆ. ಹಾಗೆ ಇಳಿಸಿ ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಶ್ರುತಿ ಮೊದಲಿನಂತೆಯೇ ಇರುತ್ತದೆ, ಕೈಗೆ ಹಗುರವೂ ಆಗುತ್ತದೆ, ಬೆರಳು ಚಾಚಬೇಕಾದ ದೂರವೂ ಸ್ವಲ್ಪ ಕಡಿಮೆಯಾಗುತ್ತದೆ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಮೊದಲು ಕೈ ಉಜ್ಜಿ ಬೆಚ್ಚಗಾಗಿಸಿಕೊಳ್ಳಿ. ಮರಗಟ್ಟಿದ ಬೆರಳಿಂದ ನುಡಿಸಿ ವಯಸ್ಸನ್ನು ದೂರಬೇಡಿ.

ಮೆಟ್ರೊನೋಮ್ ಬೇಕೇ ಬೇಕೇ?

ಬದಲಾವಣೆಗಳ ಅಭ್ಯಾಸಕ್ಕೆ ಬೇಕು. ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಲಯವನ್ನು ಯಂತ್ರದಿಂದ ಮಾತ್ರ ಕಲಿಯಬೇಕಾಗಿಲ್ಲ. ಮದುವೆ ಮನೆಯ ವಾಲಗಕ್ಕೆ ಕುಣಿದವರಿಗೆ, ಹುತ್ತರಿಯಲ್ಲಿ ದುಡಿ ಬಡಿದು ಹಾಡುವವರ ಬಳಿ ನಿಂತು ಕೇಳಿದವರಿಗೆ, ಲಯ ಆಗಲೇ ಮೈಯಲ್ಲಿದೆ. ತಂತಿಗಳನ್ನು ಎಡಗೈಯಿಂದ ಮೆಲ್ಲಗೆ ಮುಚ್ಚಿ, ಸ್ವರವಿಲ್ಲದ ಸದ್ದಿನಲ್ಲೇ ಬಲಗೈಯಿಂದ ಆ ಲಯಗಳನ್ನು ಮೀಟಿ ನೋಡಿ. ಕೊಡಗಿನ ಹುಡುಗ ಹುಡುಗಿಯರಿಗೆ ಇದು ಎಷ್ಟು ಬೇಗ ಒಲಿಯುತ್ತದೆ ಎಂಬುದು ನನಗೆ ಪ್ರತಿ ಬಾರಿಯೂ ಸಂತಸ ತರುವ ಸಂಗತಿ.

ಹತ್ತಿರದಲ್ಲಿ ಗುರುಗಳಿಲ್ಲ, ಮಳೆಗೆ ಕರೆಂಟೂ ನೆಟ್‌ವರ್ಕೂ ಇರುವುದಿಲ್ಲ. ವಿಡಿಯೊ ನೋಡಿ ಕಲಿಯುವುದು ಹೇಗೆ?

ಒಬ್ಬರೇ ಶಿಕ್ಷಕರ ಒಂದೇ ಪಾಠಮಾಲೆಯನ್ನು ಆರಿಸಿ, ಮಳೆಗೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಾರ್ಡ್ ಚಿತ್ರಗಳನ್ನು ಒಂದು ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳಿ. ಬ್ಯಾಟರಿಯ ಕ್ಲಿಪ್ ಟ್ಯೂನರ್ ಒಂದಿದ್ದರೆ ಉಳಿದದ್ದಕ್ಕೆ ಕರೆಂಟ್ ಬೇಕಾಗಿಲ್ಲ. ಆರು ತಿಂಗಳಿಗೊಮ್ಮೆಯಾದರೂ ನುಡಿಸಬಲ್ಲ ಒಬ್ಬರಿಗೆ ನಿಮ್ಮ ಕೈಯನ್ನು ತೋರಿಸಿ, ಏಕೆಂದರೆ ಮಣಿಕಟ್ಟು ಬಾಗಿರುವ ರೀತಿ ವಿಡಿಯೊದ ಶಿಕ್ಷಕರಿಗೆ ಕಾಣುವುದಿಲ್ಲ.

ಬೇರೆಯವರೆದುರು ಯಾವಾಗ ನುಡಿಸಬಹುದು?

ಎರಡು ಕಾರ್ಡ್‌ಗಳನ್ನು ಲಯ ನಿಲ್ಲಿಸದೆ ಬದಲಿಸಲು ಬಂದ ದಿನವೇ. ಕಾಯುತ್ತಾ ಕುಳಿತವರಿಗೆ ಸಿದ್ಧತೆ ಎಂದೂ ಪೂರ್ಣವಾಗುವುದಿಲ್ಲ, ಮತ್ತು ಇನ್ನೊಬ್ಬರ ದನಿಗೆ ಜೊತೆಯಾಗಿ ನುಡಿಸುವುದು ಒಂಟಿ ಅಭ್ಯಾಸದಲ್ಲಿ ಸಿಗದ ಶಿಕ್ಷಣ. ಮನೆಯಲ್ಲಿ ಹಾಡುವವರೊಬ್ಬರನ್ನು, ಅಕ್ಕನೋ ಮಾವನೋ ಯಾರಾದರೂ ಸರಿ, ಕರೆದು ಕೂರಿಸಿಕೊಳ್ಳಿ. ಅವರ ಶ್ರುತಿಗೆ ನೀವು ಹೊಂದಿಕೊಳ್ಳಬೇಕು, ನಿಮ್ಮದಕ್ಕೆ ಅವರಲ್ಲ: ಅವರು ಆಧಾರ ಷಡ್ಜವನ್ನು ಹಿಡಿದು ನಿಲ್ಲಲಿ, ನೀವು ಕ್ಯಾಪೊವನ್ನು ಒಂದೊಂದೇ ಫ್ರೆಟ್ ಮೇಲೆ ಸರಿಸುತ್ತಾ ಸಿ ಅಥವಾ ಜಿ ಕಾರ್ಡ್ ಅವರ ದನಿಗೆ ಸೇರುವ ಜಾಗ ಹುಡುಕಿ. ಸಿಕ್ಕ ಮೇಲೆ ನಾಲ್ಕು ಎಣಿಸಿ ಆರಂಭಿಸಿ, ನಡುವೆ ಕಾರ್ಡ್ ತಪ್ಪಿದರೆ ತಿದ್ದಲು ಹಿಂದಕ್ಕೆ ಹೋಗದೆ ಅವರ ಮುಂದಿನ ಸಾಲಿಗೆ ಸೇರಿಕೊಳ್ಳಿ.